ಬಲಗಡೆಯ ಕಿಟಕಿ

ಜನವರಿ 12, ಭಾನುವಾರ, ಸಂಜೆ

ಷಟರ್ ಎಳೆದು ಈಗ ಬಂದೆ. ಕೈ ತೊಳೆದದ್ದಾಯಿತು, ವಾಸನೆ ಹೋಗಿಲ್ಲ. ಹುಳಕ್ಕೆ ಹೊಡೆಯುವ ಎಣ್ಣಿ ಮಾರುವವರ ಕೈ ಇಷ್ಟೇ. ಅನ್ನ ಕಲಸಿದರೂ ಅದೇ ವಾಸನೆ, ಮುಖಕ್ಕೆ ಪೌಡರ್ ಹಚ್ಚಿದರೂ ಅದೇ.

ಇವತ್ತು ಎಣ್ಣಿ ಕಂಪನಿಯವರು ಬಂದಿದ್ದರು. ಟಾರ್ಗೆಟ್ ಮುಟ್ಟಿದೆಯಂತೆ. ದೇವದುರ್ಗ ತಾಲ್ಲೂಕಿಗೇ ನಮ್ಮ ಅಂಗಡಿ ಮೊದಲು. ಬಹುಮಾನ ಶ್ರೀಲಂಕಾ ಟೂರ್, ಇಬ್ಬರಿಗೆ. ನಮ್ಮ ಮನೆಯವರಿಗೆ ಹಾರ ಹಾಕಿ ಫೋಟೊ ತೆಗೆದರು. ಆ ಹೊತ್ತಿಗೆ ನಾನು ಕೌಂಟರಿನ ಹಿಂದೆ ಮಸರಕಲ್ಲಿನ ಮುದುಕಪ್ಪನಿಗೆ ಒಂದು ಬೆನ್ನಿನ ಪಂಪಿಗೆ ಎಷ್ಟು ಮುಚ್ಚಳ ಎಣ್ಣಿ ಅಂತ ಹೇಳುತ್ತಿದ್ದೆ. ಎಷ್ಟನೇ ಸಲವೋ. ಫೋಟೊದಲ್ಲಿ ನನ್ನ ಮೊಳಕೈ ಮಾತ್ರ ಬಿದ್ದಿದೆ.

ಟಾರ್ಗೆಟ್ ಯಾರು ಮುಟ್ಟಿಸಿದರು ಅಂತ ಕಂಪನಿಯವರು ಕೇಳಲಿಲ್ಲ. ಇವರು ಬೆಳಿಗ್ಗೆ ಬಂದು ಊದುಬತ್ತಿ ಹಚ್ಚುತ್ತಾರೆ, ಸಂಜೆ ಬಂದು ಗಲ್ಲಾ ನೋಡುತ್ತಾರೆ. ನಡುವೆ ಹೋಟೆಲಿನ ಬೆಂಚು, ಚಹಾ, ರಾಜಕೀಯ.

ಇರಲಿ. ಇಬ್ಬರಿಗೆ ಅಂದರಲ್ಲ. ಪಾಸ್‌ಪೋರ್ಟ್ ಹೋದ ವರ್ಷವೇ ರಾಯಚೂರಿಗೆ ಹೋಗಿ ಮಾಡಿಸಿಟ್ಟಿದ್ದೇನೆ. ಒಂದು ಹಾಳೆಗೂ ಠಸ್ಸೆ ಬಿದ್ದಿಲ್ಲ.

ಜನವರಿ 15, ಬುಧವಾರ

ಟೂರಿನ ನಡುವೆ ಎರಡು ದಿನ ಖಾಲಿಯಂತೆ. ಕ್ಯಾಂಡಿ ಅನ್ನುವ ಊರಲ್ಲಿ ಬಿಡುತ್ತಾರೆ. ಅಲ್ಲಿಂದ ಮೇಲೆ ಗುಡ್ಡ, ಚಹಾ ತೋಟ. ಹೋಗುವವರು ತಮ್ಮ ಖರ್ಚಿನಲ್ಲಿ ಹೋಗಬಹುದು — ಬಸ್ಸಿದೆ, ರೈಲಿದೆ, ಬಾಡಿಗೆ ಕಾರೂ ಇದೆ.

ಇವರು ನನ್ನ ಕಡೆ ಮೊಬೈಲ್ ಹಿಡಿದು, ನೀನೇ ನೋಡು, ಯಾವುದು ಛಲೋ ಹೇಳು ಅಂದರು.

ಲಗ್ನವಾದಾಗಿನಿಂದ ಈ ಮನೆಯಲ್ಲಿ ಎಲ್ಲಿಗೆ ಹೋಗಬೇಕು, ಹೆಂಗ ಹೋಗಬೇಕು ಅಂತ ಯಾರೂ ನನ್ನನ್ನು ಕೇಳಿಲ್ಲ. ಪಲ್ಯದ ಉಪ್ಪು ಕೂಡ ಅವರವರೇ ನೋಡಿಕೊಂಡು ಬೈಯುತ್ತಾರೆ. ಇವತ್ತು ಒಂದು ದೇಶದಲ್ಲಿ ಹೆಂಗ ತಿರುಗಬೇಕು ಅಂತ ಕೇಳಿದ್ದಾರೆ... ಸೂರ್ಯ ಯಾವ ಕಡೆ ಹುಟ್ಟಿದ್ದನೋ.

ಜನವರಿ 19, ಭಾನುವಾರ

ಇವರ ಮನಸ್ಸಿನಲ್ಲಿ ಕಾರು. ತಾವೇ ಓಡಿಸುತ್ತಾರಂತೆ. ಅಲ್ಲೂ ಸ್ಟೇರಿಂಗ್ ಬಲಕ್ಕೇ ಇದೆ ಅಂತ ಹೋಟೆಲಿನ ಬೆಂಚಿನಲ್ಲಿ ಯಾರೋ ಹೇಳಿದ್ದಾರೆ.

ಯೂಟ್ಯೂಬಿನಲ್ಲಿ ನೋಡಿದೆ. ಬರೇ ನಮ್ಮ ಲೈಸೆನ್ಸ್ ನಡೆಯುವುದಿಲ್ಲ. ಇಲ್ಲಿ ಆರ್‌ಟಿಓದಲ್ಲಿ ಒಂದು ಪರ್ಮಿಟ್ ಮಾಡಿಸಬೇಕು, ಅಲ್ಲಿ ಹೋಗಿ ಇನ್ನೊಂದು. ಹೇಳಿದೆ. ನೋಡಾಮು ಅಂದರು. ಇವರ 'ನೋಡಾಮು' ಅಂದರೆ ಮಾತು ಮುಗಿಯಿತು ಅಂತ.

ಕಾರು ನನಗೆ ಗೊತ್ತಿಲ್ಲದ್ದೇ? ಎಲ್ಲಿಗೆ ಹೋದರೂ ಮುಂದಿನ ಸೀಟು ಭಾವನದು. ಇವರ ಅಣ್ಣ, ಹುಲಿಗೆಪ್ಪ ಭಾವ. ಹಿಂದೆ ನಾನು, ನನ್ನ ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಬುತ್ತಿ. ಏಸಿ ಅಂತ ಕಿಟಕಿ ಬಂದ್. ಗಂಡಸರಿಗೆ ರಸ್ತೆ ಬದಿಯೆಲ್ಲ ಸಾಕು, ಬೇಕಾದಲ್ಲಿ ನಿಲ್ಲಿಸಿ ಇಳಿಯುತ್ತಾರೆ. ನಾನು ನಿಲ್ಲಿಸಿರಿ ಅಂದರೆ, ಈಗಷ್ಟ ನಿಲ್ಲಿಸಿದ್ವೆಲ್ಲ ಅನ್ನುತ್ತಾರೆ. ಹೋದ ಸಲ ತಿರುಪತಿ ಮುಟ್ಟುವ ತನಕ ನೀರು ಕುಡಿಯಲಿಲ್ಲ ನಾನು. ದೇವರ ಮುಂದೆ ನಿಂತಾಗ ನನ್ನ ಧ್ಯಾನವೆಲ್ಲ ಬಾತ್‌ರೂಮಿನ ಮೇಲೆ.

ಕಾರು ಬೇಡ.

ಜನವರಿ 22, ಬುಧವಾರ

ಬಸ್ಸಿನ ಮೇಲೆ ಸಿಟ್ಟಿಲ್ಲ. ದೇವದುರ್ಗ–ರಾಯಚೂರು ಬಸ್ಸಿನಲ್ಲೇ ಅರ್ಧ ಆಯುಷ್ಯ ಹೋಗಿದೆ, ಅದೂ ನಿಂತುಕೊಂಡು. ಈಗ ಹೆಂಗಸರಿಗೆ ಟಿಕೆಟಿಗೆ ರೊಕ್ಕ ಇಲ್ಲ, ಸೀಟೂ ಇಲ್ಲ. ಬಸ್ಸು ಸ್ಟ್ಯಾಂಡಿಗೆ ತಿರುಗುವ ಮೊದಲೇ ಗಂಡಸರು ಕಿಟಕಿಯಿಂದ ಬೆವರು ಒರೆಸುವ ದಸ್ತಿ ಸೀಟಿನ ಮೇಲೆ ಎಸೆಯುತ್ತಾರೆ. ದಸ್ತಿ ಬಿದ್ದ ಸೀಟು ದಸ್ತಿಯವನದು. ಬಗಲಲ್ಲಿ ಕೂಸಿದ್ದಾಕೆಯೂ ಅದರ ಮೇಲೆ ಕೂಡುವುದಿಲ್ಲ. ಇವರು ದಸ್ತಿ ಒಗೆಯುವುದರಲ್ಲಿ ಎತ್ತಿದ ಕೈ. ಒಗೆದ ದಸ್ತಿಯ ಮೇಲೆ ತಾವು ಕೂಡುತ್ತಾರೆ, ಪಕ್ಕಕ್ಕೆ ಭಾವ.

ಅಲ್ಲಿಯ ಬಸ್ಸಿನ ವಿಡಿಯೊ ನೋಡಿದೆ. ಹಾಡು ಜೋರು, ತಿರುವು ಜೋರು, ಬಾಗಿಲಲ್ಲಿ ಜೋತುಬಿದ್ದ ಮಂದಿ. ನಮ್ಮದೇ ಬಸ್ಸು, ಬಣ್ಣ ಬೇರೆ. ಅದನ್ನು ನೋಡಲು ಸಮುದ್ರ ದಾಟಬೇಕೆ?

ಜನವರಿ 26, ಭಾನುವಾರ

ರೈಲು.

ಬರೆದ ಮೇಲೂ ಖುಷಿ. ಇನ್ನೊಮ್ಮೆ ಬರೆಯುತ್ತೇನೆ — ರೈಲು.

ದೇವದುರ್ಗಕ್ಕೆ ರೈಲಿಲ್ಲ. ಪಕ್ಕದ ಮಾನ್ವಿಗೆ ಬರುತ್ತದೆ ಬರುತ್ತದೆ ಅಂತ ಲಗ್ನವಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ನನ್ನ ತವರು ಯರಗೇರಾ. ರಾಯಚೂರಿಗೆ ಸಂತೆಗೆ ಬಂದಾಗ ಅಪ್ಪ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ರೈಲು ತೋರಿಸುತ್ತಿದ್ದ. ತೋರಿಸುತ್ತಿದ್ದ ಅಷ್ಟೇ, ಹತ್ತಿಸಲಿಲ್ಲ. ಆಮೇಲೆ ಹತ್ತಿದ್ದು ಎರಡು ಸಲ. ಎರಡೂ ರಾತ್ರಿ ಗಾಡಿ, ನನಗೆ ಮೇಲಿನ ಬರ್ತ್. ಮೂಗಿನ ಮುಂದೆ ತಗಡು. ಹಗಲು ಹೊತ್ತಿನಲ್ಲಿ, ಕಿಟಕಿ ಹತ್ತಿರ ಕೂತು, ಹೊರಗೆ ನೋಡುತ್ತ ಹೋಗುವುದು ಹೆಂಗಿರುತ್ತದೆ ನನಗೆ ಗೊತ್ತಿಲ್ಲ. ಇದೊಂದು ಆಸೆ. ಬಂಗಾರ ಕೇಳಿಲ್ಲ, ಸೀರೆ ಕೇಳಿಲ್ಲ.

ಎಲ್ಲ ನೋಡಿಕೊಂಡಿದ್ದೇನೆ. ಏಸಿ ಡಬ್ಬಿ ಬೇಡ, ಅದರ ಕಿಟಕಿ ತೆಗೆಯಲು ಬರುವುದಿಲ್ಲ. ರಿಸರ್ವೇಷನ್ ಮುಗಿದಿದ್ದರೆ ಬೆಳಿಗ್ಗೆ ಸ್ಟೇಷನ್ನಿನಲ್ಲೇ ಟಿಕೆಟ್ ಸಿಗುತ್ತದೆ. ಬಲಗಡೆಯ ಕಿಟಕಿ ಹಿಡಿಯಬೇಕು, ಕಣಿವೆ ಆ ಕಡೆಗೇ ಕಾಣುತ್ತದೆ. ಒಂದು ಕಡೆ ಝರಿ ಎಷ್ಟು ಹತ್ತಿರ ಅಂದರೆ ಕೈ ಹೊರಗೆ ಚಾಚಿದವರ ವಿಡಿಯೊ ಇದೆ.

ಇವರಿಗೆ ಹೇಳಿದೆ. ಆಯ್ತು ರೈಲ ಇರಲಿ ಅಂದರು. ನಾನು ಒಳಗೆ ಹೋಗಿ ಕುಕ್ಕರಿನ ಮುಂದೆ ನಿಂತು ಒಬ್ಬಳೇ ನಕ್ಕೆ.

ಫೆಬ್ರವರಿ 2, ಭಾನುವಾರ

ರಾಯಚೂರಿಗೆ ಹೋಗಿ ಸ್ವೆಟರ್ ತಂದೆ. ಬೂದು ಬಣ್ಣ, ಮುಂದೆ ಗುಂಡಿ. ಅಂಗಡಿಯವನಿಗೆ ನಗು. ರಾಯಚೂರಿನ ಬಿಸಿಲಿನಲ್ಲಿ ಸ್ವೆಟರ್ ಹುಡುಕಿಕೊಂಡು ಬಂದಾಕಿ ನೀವೇ ನೋಡ್ರಿ ಅಂದ. ಹಾಕಿ ನೋಡಿದೆ. ಕನ್ನಡಿಯಲ್ಲಿ ಬೆವರುತ್ತಿದ್ದೆ, ಆದರೂ ತೆಗೆಯಲು ಮನಸ್ಸಾಗಲಿಲ್ಲ.

ಫೆಬ್ರವರಿ 9, ಭಾನುವಾರ

ಗುಲ್ನಾಜ್ ಫೋನ್ ಮಾಡಿದ್ದಳು. ಮಾನ್ವಿಯ ಡೀಲರ್ ಜಹೀರುದ್ದೀನ್ ಅವರ ಹೆಂಡತಿ, ಕಂಪನಿಯ ಊಟಗಳಲ್ಲಿ ನನ್ನ ಪಕ್ಕ ಕೂಡುವಾಕೆ. ಅವರಿಬ್ಬರೂ ಬರುತ್ತಿದ್ದಾರೆ. ಬಸ್ಸೋ ರೈಲೋ ಅಂತ ನನ್ನನ್ನೇ ಕೇಳಿದಳು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ, ಕಿಟಕಿಯ ಸಮೇತ. ಎಲ್ಲ ಕೇಳಿ ಕಡೆಗೆ ಅಂದಳು:

"ಅಕ್ಕಾ, ಕಂಪನಿಯೋರು ರೂಮಿನ ಲಿಸ್ಟ್ ಕಳಿಸ್ಯಾರ. ನಿಮ್ಮೋರ ಜೋಡಿ ಹುಲಿಗೆಪ್ಪ ಅಂತ ಅದ. ಅವ್ರು ಯಾರು?"

ನಮ್ಮ ಭಾವ ಅಂದೆ. ಅವಳ ಕಡೆ ಮಿಕ್ಸರ್ ತಿರುಗುವ ಸದ್ದು ಕೇಳುತ್ತಿತ್ತು.

ಫೆಬ್ರವರಿ 10, ಸೋಮವಾರ

ಊಟಕ್ಕೆ ಕೂತಾಗ ಕೇಳಿದೆ. ಇವರು ರೊಟ್ಟಿ ಮುರಿಯುವುದನ್ನೂ ನಿಲ್ಲಿಸಲಿಲ್ಲ.

"ಇಬ್ರೂ ಹೋದ್ರ ಅಂಗಡಿ ಯಾರು ನೋಡ್ಬೇಕು? ಮಂದಿ ನಿನ್ನ ಕೇಳ್ಕೊಂಡು ಬರ್ತಾರ. ನೀ ಇಲ್ಲಂದ್ರ ಎದುರಂಗಡಿಗೆ ಹೋಗ್ತಾರ. ಅಣ್ಣ ಒಮ್ಮೆನೂ ಏರೋಪ್ಲೇನ್ ಹತ್ತಿಲ್ಲ."

"ನಾ ಹತ್ತೀನೇನ್ರಿ?"

ಪಲ್ಯ ಹಾಕು ಅಂದರು. ಹಾಕಿದೆ. ಹಾಗಾದರೆ ಬಸ್ಸು ರೈಲು ಕಾರು ಅಂತ ನನ್ನನ್ನು ಯಾಕೆ ನೋಡಲು ಹಚ್ಚಿದಿರಿ ಅಂತ ಕೇಳಿದೆ.

"ನಿನಗ ಬೇಷ್ ತಿಳೀತದಲ್ಲ, ಅದಕ್ಕ. ಅದೆಲ್ಲಾ ಬರ್ದು ವಾಟ್ಸಾಪ್‌ಗೆ ಹಾಕು."

ನಾನಿಲ್ಲದೆ ಅಂಗಡಿ ನಡೆಯುವುದಿಲ್ಲ, ಅದಕ್ಕೆ ನಾನು ಹೋಗುವಂತಿಲ್ಲ. ನಾನಿಲ್ಲದೆ ಟೂರೂ ನಡೆಯುವುದಿಲ್ಲ, ಆದರೂ ನಾನು ಹೋಗುವಂತಿಲ್ಲ. ಇದಕ್ಕೆ ಏನನ್ನಬೇಕೋ ಗೊತ್ತಾಗುತ್ತಿಲ್ಲ.

ಫೆಬ್ರವರಿ 19, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು? ಬಂದವರಿಗೆ ಎಣ್ಣಿ ಕೊಟ್ಟೆ, ಮನೆಯವರಿಗೆ ಅನ್ನ ಹಾಕಿದೆ.

ನಾಳೆ ಹೊರಡುತ್ತಾರೆ. ಅಂಗಿಗಳಿಗೆ ಇಸ್ತ್ರಿ ನನ್ನದೇ. ದಸ್ತಿಗಳಿಗೂ. ವಾಟ್ಸಾಪ್‌ಗೆ ಏನೂ ಹಾಕಿಲ್ಲ. ಕೇಳಿದರು, ಬೇಕಾದಾಗ ಫೋನ್ ಮಾಡಿರಿ ಅಂದೆ. ಮುಖ ಗಂಟು ಹಾಕಿಕೊಂಡರು. ಹಾಕಿಕೊಳ್ಳಲಿ.

ಸಂಜೆ ಭಾವ ಬಂದರು. ಗುಡ್ಡದ ಮೇಲೆ ಭಾರಿ ಥಂಡಿಯಂತಲ್ಲ ಅಂದರು. ಇವರು ಕೂತಲ್ಲಿಂದಲೇ, "ಸುನಂದಾ, ಆ ಸ್ವೆಟರ್ ಖಾಲಿ ಬಿದ್ದದಲ್ಲ, ಅಣ್ಣಗ ಕೊಡು" ಅಂದರು. ಭಾವ ಕಡ್ಡಿ ಆಳು. ಸರಿಯಾಗಿ ಕೂತಿತು. ಗುಂಡಿ ಹೆಂಗಸರ ಕಡೆಗಿವೆಯಲ್ಲ ಅಂತ ಇಬ್ಬರೂ ನಕ್ಕರು. ನಾನು ಚಹಾ ಇಡಲು ಹೋದೆ.

ಫೆಬ್ರವರಿ 22, ಶನಿವಾರ

ಗುಲ್ನಾಜಳ ವಾಯ್ಸ್ ಮೆಸೇಜು. ಇವರೂ ಭಾವನೂ ಬೆಳಿಗ್ಗೆಯೇ ಕಾರು ತರುತ್ತೇವೆಂದು ಹೋದರಂತೆ. ಬಾಡಿಗೆಗೆ ಕೊಡುವವರು ಪರ್ಮಿಟ್ ಕೇಳಿದರಂತೆ. ಇವರು ದೇವದುರ್ಗದ ಲೈಸೆನ್ಸ್ ತೋರಿಸಿ, ಟ್ರ್ಯಾಕ್ಟರೂ ಓಡಿಸುತ್ತೇನೆ ಅಂದರಂತೆ. ಕೊಡಲಿಲ್ಲ. ಖಾಲಿ ಎರಡು ದಿನದಲ್ಲಿ ಒಂದು ದಿನ ಹೋಟೆಲಿನ ಸೋಫಾದ ಮೇಲೆ ಮುಗಿಯಿತು.

ರೈಲು ಇರಲಿ ಅಂದಿದ್ದರಲ್ಲ, ಅದೂ ಸುಳ್ಳೇ. ಮೊದಲಿಂದ ಕಾರೇ.

ಮೆಸೇಜು ಎರಡು ಸಲ ಕೇಳಿದೆ. ರೊಟ್ಟಿ ಒಂದು ಹೆಚ್ಚಿಗೆ ತಿಂದೆ.

ಫೆಬ್ರವರಿ 23, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಫೋನು. ಇವರದು, ಕ್ಯಾಂಡಿ ಸ್ಟೇಷನ್ನಿನಿಂದ. ಹಿಂದೆ ಗದ್ದಲ. ಕೌಂಟರಿನ ಮುಂದೆ ಮುದುಕಪ್ಪ ಹುಳ ಬಿದ್ದ ಭತ್ತದ ಸುಳಿ ಹಿಡಿದುಕೊಂಡು ನಿಂತಿದ್ದ.

"ಮಂದಿ ಭಾಳ ಅದ. ಕಿಟಕಿಲೆ ದಸ್ತಿ ಒಗದ್ರ ಒಬ್ಬಾಕಿ ಎತ್ತಿ, ನಿಮ್ದು ಬಿದ್ದದ ಅಂತ ಇಳಿದು ಬಂದು ಕೈಯಾಗ ಕೊಟ್ಟಳು. ಅಷ್ಟರಾಗ ಸೀಟ್ ಹೋತು. ಈಗ ಏನ್ ಮಾಡ್ಬೇಕು, ಲಗೂನ ಹೇಳು."

ಆ ಹೆಣ್ಣುಮಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಜಗತ್ತಿನಲ್ಲಿ ದಸ್ತಿಗೆ ಹೆದರದ ಒಂದಾದರೂ ಊರಿದೆ.

ಹೇಳದೇ ಇರಬಹುದಿತ್ತು. ಫೋನ್ ಇಟ್ಟುಬಿಟ್ಟಿದ್ದರೆ ರೈಲು ಹೋಗುತ್ತಿತ್ತು, ಇವರು ಅಲ್ಲೇ ನಿಲ್ಲುತ್ತಿದ್ದರು. ಆದರೆ ಎಷ್ಟು ದಿನ ಕಣ್ಣು ಮುಚ್ಚಿ ಆ ಪ್ಲಾಟ್‌ಫಾರ್ಮಿನಲ್ಲಿ ನಾನೇ ನಡೆದಾಡಿದ್ದೇನೆ. ಬಾಯಿ ಸುಮ್ಮನಿರಲಿಲ್ಲ. ತುದಿಯ ಡಬ್ಬಿಗೆ ಓಡಿರಿ, ಅಲ್ಲಿ ಮಂದಿ ಕಡಿಮೆ, ಬಲಗಡೆಯ ಕಿಟಕಿ ಹಿಡಿಯಿರಿ ಅಂದೆ. ಸಿಕ್ಕಿತಂತೆ. ಥ್ಯಾಂಕ್ಸ್ ಇಲ್ಲ, ಫೋನ್ ಕಟ್.

"ಯಾರ್ ಬೇ ಯವ್ವಾ?" ಅಂದ ಮುದುಕಪ್ಪ. ಯಾರೂ ಅಲ್ಲ ಅಂದೆ.

ಈಗ ಗುಲ್ನಾಜ್ ವಿಡಿಯೊ ಕಳಿಸಿದ್ದಾಳೆ. ಅವರೂ ಅದೇ ಡಬ್ಬಿಯಲ್ಲಿದ್ದಾರೆ. ನನಗೆ ಚಹಾ ತೋಟ ತೋರಿಸಬೇಕೆಂದು ಹಿಡಿದಿದ್ದಾಳೆ ಪಾಪ. ಅವಳದು ಎಡಗಡೆ, ಬರೇ ಗುಡ್ಡದ ಮಣ್ಣು. ಅಕ್ಕಾ ಆ ಕಡೆ ನೋಡ್ರಿ ಅಂತ ಬಲಕ್ಕೆ ತಿರುಗಿಸಿದಳು. ಬಲಗಡೆಯ ಕಿಟಕಿಯಲ್ಲಿ ಹುಲಿಗೆಪ್ಪ ಭಾವ. ಮೈಮೇಲೆ ನನ್ನ ಸ್ವೆಟರ್. ಬಾಯಿ ತೆರೆದುಕೊಂಡು ಗಡದ್ದಾಗಿ ನಿದ್ದೆ. ಗಾಳಿ ಬಡಿಯುತ್ತದೆಂದು ಕಿಟಕಿಯ ಷಟರ್ ಕೆಳಗೆ ಎಳೆದಿದ್ದಾರೆ.

ಇಡೀ ಡಬ್ಬಿಯಲ್ಲಿ ಅದೊಂದೇ ಮುಚ್ಚಿತ್ತು.

ಅಳು ಬಂತು. ಕೌಂಟರಿನ ಕೆಳಗೆ ಬಗ್ಗಿ, ಎಣ್ಣಿ ಡಬ್ಬಿ ಹುಡುಕುವವಳ ಹಾಗೆ ಮಾಡಿ ಅತ್ತೆ.

ಫೆಬ್ರವರಿ 27, ಗುರುವಾರ

ಬಂದಿದ್ದಾರೆ. ನನಗೆ ತಂದದ್ದು ಫ್ರಿಜ್ಜಿಗೆ ಅಂಟಿಸುವ ಗೊಂಬೆ. ನೀಲಿ ಬಣ್ಣದ ರೈಲು. ತಾವೇ ಅಂಟಿಸಿದರು. ರೈಲು ಹೆಂಗಿತ್ತು ಅಂತ ಕೇಳಿದೆ. ಭಾಳ ನಿಧಾನ, ಬೇಜಾರು, ಕಾರ್ ಆಗಿದ್ರ ಅರ್ಧ ಹೊತ್ತಿನ್ಯಾಗ ಮುಟ್ಟತಿದ್ವಿ ಅಂದರು.

ಸ್ವೆಟರ್ ವಾಪಸ್ ಬಂದಿದೆ. ತೋಳಿಗೆ ಎಲೆಅಡಿಕೆಯ ಕಲೆ. ನೆನೆಹಾಕಿಲ್ಲ.

ಮಾರ್ಚ್ 17, ಸೋಮವಾರ

ಕಂಪನಿಯವರು ಮತ್ತೆ. ಹೊಸ ಟಾರ್ಗೆಟ್. ಈ ಸಲ ಮುಟ್ಟಿಸಿದರೆ ವಿಯೆಟ್ನಾಂ. ಇವರು ಎಲ್ಲರ ಮುಂದೆ ನನ್ನ ಕಡೆ ತಿರುಗಿ ನಕ್ಕರು. "ನಮ್ಮ ಸುನಂದಾಗ ಬಿಡ್ರಿ. ಅಲ್ಲಿ ಬಸ್ಸೋ, ರೈಲೋ, ಕಾರೋ, ಈಗಿಂದ ನೋಡಿ ಇಡ್ತಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಮನೆಗೆ ಬಂದು ನೋಡಿದೆ. ಅಲ್ಲೂ ರೈಲಿದೆ. ಸಮುದ್ರದ ದಂಡೆಯ ಗುಂಟ ಹೋಗುತ್ತದೆ. ಯಾಕೆ ನೋಡಿದೆನೋ. ನನ್ನ ಮೇಲೆ ನನಗೇ ಸಿಟ್ಟು.

ಮಾರ್ಚ್ 20, ಗುರುವಾರ, ಅಂಗಡಿಯಲ್ಲಿ

ಇಲ್ಲೇ ಬರೆಯುತ್ತಿದ್ದೇನೆ. ಹೊತ್ತಿದೆ. ಗಿರಾಕಿ ಇಲ್ಲ.

ಬೆಳಿಗ್ಗೆ ಮೊದಲು ಬಂದವನು ಮುದುಕಪ್ಪ. ಹೋದ ಸಲದ ಎಣ್ಣಿಯೇ ಬೇಕೆಂದ. ಖಾಲಿಯಾಗಿದೆ ಅಂದೆ.

"ನಿನ್ನ ಹಿಂದ ಸಾಲಾಗಿ ಕುಂತಾವಲ್ಲ ಬೇ ಯವ್ವಾ."

"ಅವು ಮಾರಾಕಲ್ಲ. ಎದುರಂಗಡ್ಯಾಗ ಕೇಳು. ಪಂಪಿಗೆ ಎರಡ ಮುಚ್ಚಳ, ಮರಿಬ್ಯಾಡ."

ಅವನು ನನ್ನ ಮುಖ ನೋಡಿದ. ರಸ್ತೆ ದಾಟಿದ. ಆಮೇಲೆ ಬಂದವರಿಗೂ ಅದನ್ನೇ ಹೇಳಿದೆ. ಎದುರಂಗಡಿಯವನು ಒಬ್ಬನೇ ಸಾಲದೆ ಹೆಂಡತಿಯನ್ನೂ ಕೌಂಟರಿಗೆ ಕರೆದಿದ್ದಾನೆ.

ಇವರು ಚಹಾ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಆ ಕಡೆಯ ಗದ್ದಲ ನೋಡುತ್ತಿದ್ದಾರೆ, ಈ ಕಡೆ ನನ್ನನ್ನು ನೋಡುತ್ತಿದ್ದಾರೆ.

"ನಮ್ ಮಂದಿ ಎಲ್ಲಾ ಆ ಕಡಿ ಯಾಕ ಹೊಂಟಾರ?"

ಹೇಳುತ್ತೇನೆ, ನನ್ನ ಹೆಸರಿಗೆ ಟಿಕೆಟ್ ಬರುವ ತನಕ ಈ ಅಂಗಡಿ ಟಾರ್ಗೆಟ್ ಮುಟ್ಟುವುದಿಲ್ಲ ಅಂತ. ಇದನ್ನು ವಾಟ್ಸಾಪ್‌ಗೆ ಹಾಕುವುದಿಲ್ಲ. ಎದ್ದು ನಿಂತು, ಎದುರಿಗೇ—