ಕೊಳವೆ ಮುಂದಕ್ಕೆ ಹೋಗಲಿಲ್ಲ

೧೧-೨-೨೦೦೪, ಬುಧವಾರ. ಚನ್ನರಾಯಪಟ್ಟಣ

ಬೆಳಿಗ್ಗೆ ಮತ್ತೆ ರಕ್ತ. ದೀಪಾವಳಿಯಿಂದ ಇದೇ ಆಯಿತು. ಮೂಲವ್ಯಾಧಿ ಎಂದುಕೊಂಡು ಮೂಲಂಗಿ ತಿಂದದ್ದೇ ತಿಂದದ್ದು. ಹಾಸನದ ಡಾಕ್ಟರು ಒಪ್ಪಲಿಲ್ಲ. ಕೊಲೊನೋಸ್ಕೋಪಿ ಆಗಲೇಬೇಕಂತೆ — ಕರುಳಿನೊಳಗೆ ಕೊಳವೆ ಬಿಟ್ಟು ಟಿವಿಯಲ್ಲಿ ನೋಡುತ್ತಾರಂತೆ. ಅದನ್ನು ಮಾಡುವ ಡಾಕ್ಟರು ಮೈಸೂರಿನಿಂದ ಹಾಸನದ ನರ್ಸಿಂಗ್ ಹೋಮಿಗೆ ಎರಡನೇ ಶನಿವಾರ ಮಾತ್ರ ಬರುವುದು. ಅಂದರೆ ಹದಿನಾಲ್ಕು. ಹಿಂದಿನ ದಿನ ಬರೀ ಗಂಜಿ ತಿಳಿ, ಎಳನೀರು. ಆ ಹಿಂದಿನ ದಿನವೇ ಅಪ್ಪನ ಶ್ರಾದ್ಧ!

ಅಪ್ಪ ಹೋದದ್ದು ಕರುಳಿನ ಕ್ಯಾನ್ಸರಿನಲ್ಲಿ, ಐವತ್ತನಾಲ್ಕಕ್ಕೆ. ನನಗೂ ಈಗ ಐವತ್ತನಾಲ್ಕು. ಹೆದರಿಕೆ ಇದೆ. ಹೆಂಡತಿ ಸರಸಳಿಗೆ ಮಾತ್ರ ಹೇಳಿದ್ದೇನೆ. ಊರಿಗೆಲ್ಲ ಡಂಗುರ ಬೇಡ.

೧೩, ಶುಕ್ರವಾರ, ಸಂಜೆ ೫

ಶ್ರಾದ್ಧ ಮುಗಿಯಿತು. ಪುರೋಹಿತ ಈಶ್ವರಯ್ಯನವರು, "ಮೇಷ್ಟ್ರೇ, ಇನ್ನು ನೀವು ಊಟಕ್ಕೇಳಿ, ಪಿತೃಶೇಷ" ಅಂದರು. ಎಲೆಯ ಮುಂದೆ ಕೂತೆ. ಶ್ರಾದ್ಧ ಮಾಡಿದವನು ಉಣ್ಣದೆ ಎದ್ದರೆ ಅಪ್ಪ ಹಸಿದು ಹೋದಂತೆ. ಸರಸ ಬಡಿಸುವಾಗ ಕಣ್ಣಲ್ಲೇ ಬೇಡ ಅಂದಳು. ಬಾಯಲ್ಲಿ ಹೇಳುವಂತಿಲ್ಲ, ನೆಂಟರಿದ್ದರು. ಗೋರಿಕಾಯಿ ಪಲ್ಯ, ವಡೆ, ಎಳ್ಳುಂಡೆ ಎರಡು... ತಿಂದೆ. ರುಚಿಯಾಗಿಯೇ ಇತ್ತು, ಸುಳ್ಳೇಕೆ.

ಈಗ ಭೇದಿಗೆ ಕೊಟ್ಟ ಪುಡಿ ಕಲಸಿದ ನೀರು ಎರಡು ಲೀಟರು ಕುಡಿಯಬೇಕು. ಎಲ್ಲ ತೊಳೆದುಕೊಂಡು ಹೋಗುತ್ತದೆ ಬಿಡು.

೧೪, ಶನಿವಾರ

ತೊಳೆದುಕೊಂಡು ಹೋಗಲಿಲ್ಲ.

ನರ್ಸಿಂಗ್ ಹೋಮಿನ ಆಯಾ ಬೆಟ್ಟಮ್ಮ ಬಾಗಿಲಲ್ಲೇ ಕೇಳಿದಳು — "ಒಟ್ಟೆ ಕಿಲೀನಾಗೈತಾ ಸಾ? ನೀರ್ ನೀರಂಗೆ ಓಯ್ತಾ?" ಹೂಂ ಅಂದೆ. ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು, ಹಸಿ ಸುಳ್ಳು. ಮಂಪರಿನ ಇಂಜೆಕ್ಷನ್ನು. ಅರೆಗಣ್ಣಿಗೆ ಟಿವಿ ಕಾಣುತ್ತಿತ್ತು. ಡಾಕ್ಟರು ಕೊಳವೆ ನಿಲ್ಲಿಸಿ, "ಇದೇನ್ ಸ್ವಾಮಿ, ಎಳ್ಳು!" ಅಂದರು. ನೀರು ಬಿಟ್ಟರು, ಹೀರಿದರು, ಮತ್ತೆ ಬಿಟ್ಟರು. ಗೋರಿಕಾಯಿ ನಾರು ಸಿಕ್ಕಿ ಕೊಳವೆಯ ಬಾಯಿ ಕಟ್ಟಿತು. "ಏನೂ ಕಾಣ್ತಿಲ್ಲ. ಕಾಣದೆ ತಳ್ಳಿದ್ರೆ ಕರುಳು ತೂತಾಗುತ್ತೆ. ಮುಂದಿನ ತಿಂಗಳು ಬನ್ನಿ."

ಬಸ್ಸಿನಲ್ಲಿ ಸರಸ ಒಂದೇ ಮಾತು — "ನಾನೇ ಅಲ್ವಾ ರೀ ಬಡಿಸಿದ್ದು."

೨೨, ಭಾನುವಾರ

ಈಶ್ವರಯ್ಯನವರು ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕರು. ತಡೆಯಲಾರದೆ ಹೇಳಿಬಿಟ್ಟೆ. ಹಣೆ ಚಚ್ಚಿಕೊಂಡರು. "ಅಯ್ಯೋ ರಾಮ! ನನ್ನನ್ನ ಒಂದ್ಮಾತು ಕೇಳ್ಬಾರದಾಗಿತ್ತಾ? ಏಕಾದಶಿ ದಿನ ಶ್ರಾದ್ಧ ಬಂದ್ರೆ ಏನ್ಮಾಡ್ತೀವಿ? ಮೂಸಿ ನೋಡಿ ಎದ್ದುಬಿಡ್ತೀವಿ. ಅಷ್ಟೇ ಸಾಕು ಕಣ್ರೀ. ನಿಮ್ಮಪ್ಪನಿಗೆ ಅಷ್ಟು ಗೊತ್ತಾಗಲ್ವೇ?"

ನನ್ನ ಗುಟ್ಟಿಗೆ ಬೆಂಕಿ ಬೀಳಲಿ. ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಮಾರ್ಚ್ ೧೩, ಶನಿವಾರ, ಸಂಜೆ

ಸರಸ ಎರಡು ದಿನ ಉಪವಾಸ ಕೆಡವಿದ್ದಳು. ಒಂದು ಗೋಡಂಬಿ ಬಾಯಿಗೆ ಹಾಕಿಕೊಳ್ಳಲು ಹೋದರೆ ಡಬ್ಬಿಯನ್ನೇ ಕಿತ್ತುಕೊಂಡಳು. ಬೆಟ್ಟಮ್ಮನೇ ಮೆಚ್ಚಿದಳು — "ಇವತ್ತು ಚೆಂದಾಗಿ ಬಂದವ್ರೆ ಮೇಷ್ಟ್ರು." ಟಿವಿಯಲ್ಲಿ ಕರುಳು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಎಡಗಡೆ ಒಂದು ಕಡೆ ಕೊಳವೆ ನಿಂತಿತು. ಸಣ್ಣದು ಹಾಕಿದರು. ಅದೂ ನಿಂತಿತು. ಡಾಕ್ಟರು ಈ ಸಲ ಗದರಲಿಲ್ಲ. ಆಗಲೇ ಗೊತ್ತಾಯಿತು.

ಮಂಪರು ಇಳಿದ ಮೇಲೆ ಪಕ್ಕ ಕೂತು ಹೇಳಿದರು — "ಹೊಟ್ಟೆ ಕ್ಲೀನಾಗೇ ಇತ್ತು. ಒಳಗೆ ಗಡ್ಡೆ ಬೆಳೆದು ದಾರಿ ಮುಚ್ಚಿದೆ. ಚೂರು ತೆಗೆದಿದ್ದೀವಿ, ಪರೀಕ್ಷೆಗೆ ಕಳಿಸ್ತೀವಿ. ಏನೇ ಬಂದ್ರೂ ಆಪರೇಷನ್ ಬೇಕಾಗುತ್ತೆ."

ಹೊರಗೆ ಸರಸ ಕಾಯುತ್ತಿದ್ದಳು. "ಈ ಸಲಾನೂ ಪೂರ್ತಿ ಹೋಗ್ಲಿಲ್ಲ ಕಣೆ" ಎಂದಷ್ಟೇ ಹೇಳಿದೆ. ಗಡ್ಡೆಯ ಮಾತು ಎತ್ತಲಿಲ್ಲ.

೧೪, ಭಾನುವಾರ, ಬೆಳಿಗ್ಗೆ ೭

ಸರಸ ನಿದ್ದೆ ಮಾಡಿಲ್ಲ. ಕಾಫಿ ಕೊಡುವಾಗ ಕಣ್ಣು ಊದಿತ್ತು. "ಗಂಜಿ ತಿಳೀಲಿ ಅಗುಳು ಉಳಿದಿತ್ತೇನೋ ರೀ. ಅವಸರದಲ್ಲಿ ಸರಿಯಾಗಿ ಸೋಸಲಿಲ್ಲ ನಾನು. ಪಾಪಿ ನಾನು. ಮುಂದಿನ ಸಲ ಎರಡು ಸಲ ಸೋಸ್ತೀನಿ."

ಈಗ ಬಚ್ಚಲಲ್ಲಿ ಸೋಸುವ ಬಟ್ಟೆ ಒಗೆಯುತ್ತಿದ್ದಾಳೆ. ಕುಕ್ಕಿ ಕುಕ್ಕಿ ಒಗೆಯುವುದು ಇಲ್ಲಿಗೇ ಕೇಳುತ್ತಿದೆ.

ನಿನ್ನ ತಪ್ಪಲ್ಲ ಎಂದು ಹೇಳಬೇಕು. ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕು.

ಕರೆದೆ. "ಬಂದೆ ಇರಿ, ಇದೊಂದು ಹಿಂಡಿ ಹರವ್ತೀನಿ" ಅಂದಳು.

ಬರುತ್ತಿದ್ದಾಳೆ. ಮೊದಲು ಕೂರಿಸಿ, ಆಮೇಲೆ —