ಎರಡು ಸೀರೆ, ಒಬ್ಬನೇ ಗಂಡ

೯ ಫೆಬ್ರವರಿ ೧೯೩೭, ಹೊಸಪೇಟೆ

ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಕ್ಷಮಿಸಬೇಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು, ಆಮೇಲೆ ಪೆನ್ಸಿಲ್ಲು ಹಿಡಿದದ್ದೇ ಇಲ್ಲ.

ಕ್ಷಮೆ ಯಾರನ್ನು ಕೇಳುತ್ತಿದ್ದೇನೆ? ಅತ್ತಿಗೆ ಕೊಟ್ರಬಸಮ್ಮನಿಗೆ ಓದು ಬಾರದು. ಅಣ್ಣ ಅಂದಾನಪ್ಪ ಅಂಗಡಿಯ ಚೀಟಿ ಬಿಟ್ಟು ಇನ್ನೇನೂ ಓದುವವನಲ್ಲ. ಇದು ಸೋಪಿನ ಏಜೆಂಟ ಅವನ ಕಿರಾಣಿ ಅಂಗಡಿಗೆ ಕೊಟ್ಟುಹೋದ ಡೈರಿ. ಮೊದಲ ಪುಟದಲ್ಲಿ ಒಬ್ಬ ಬಿಳಿ ಹೆಂಗಸು ಸೋಪು ಹಿಡಿದು ನಗುತ್ತಾಳೆ. ನಗಲಿ.

ಅದೇ ಏಜೆಂಟ ಮೂರು ಸೋಪೂ ಕೊಟ್ಟಿದ್ದ. ಕೆಂಪು, ಹಸಿರು, ಹಳದಿ. ಅತ್ತಿಗೆ ಇವತ್ತು ಬೆಳಗಿನಿಂದ ಮೂಸಿದ್ದೇ ಮೂಸಿದ್ದು. ಒಲೆಯ ಮೇಲೆ ಬೇಳೆ ತಳ ಹತ್ತಿತು.

"ನಾಗವ್ವ, ಯಾವುದು ತಗೊಳ್ಳಲಿ? ನೀನರ ಹೇಳು."

"ಮೂರೂ ಒಂದ ಕಂಪನೀವು ಅತ್ತಿಗಿ."

"ಬಣ್ಣ ಬ್ಯಾರೆ ಅದಾವಲ್ಲ!"

ಕೊನೆಗೆ ಹಸಿರು. ಮಧ್ಯಾಹ್ನಕ್ಕೆ ಮತ್ತೆ ಮನಸ್ಸು ತಿರುಗಿ ಹಳದಿ. ನಾನು ಹಿತ್ತಲಿನಲ್ಲಿ, ಹೊಲಿದು ಮಾರುವ ಕೌದಿಗೆ ಹಳೆಯ ಸೀರೆ ಹರಿಯುತ್ತಾ ಕೂತಿದ್ದೆ. ಊರಿನ ದೊಡ್ಡ ಮನೆಗಳವರು ಗಂಟುಗಟ್ಟಲೆ ಬಿಚ್ಚಿಸಿ, ಬೆಳಕಿಗೆ ಹಿಡಿದು, ಮುನಿಸಿಕೊಂಡು, ಅತ್ತು ಆರಿಸಿದ ಸೀರೆಗಳು. ಎಲ್ಲವೂ ಕೊನೆಗೆ ನನ್ನ ಸೂಜಿಗೆ ಬರುತ್ತವೆ. ಹರಿಯುವಾಗ ಎಲ್ಲದರ ಸದ್ದೂ ಒಂದೇ.

೧೭ ಫೆಬ್ರವರಿ

ಅಣ್ಣ ಓಟು ಹಾಕಿ ಬಂದ. ಚುನಾವಣೆಗೆ ನಿಂತ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆಟ್ಟಿಗೆಯಂತೆ, ಬೇಕಾದ ಬಣ್ಣದ್ದರಲ್ಲಿ ಚೀಟಿ ಬಿಟ್ಟರೆ ಆಯಿತಂತೆ. ಹೊಸ ರುಮಾಲು ಸುತ್ತಿಕೊಂಡು ಹೋಗಿದ್ದ, ಅದನ್ನು ಬಿಚ್ಚದೆಯೇ ಊಟಕ್ಕೆ ಕೂತ.

"ಇನ್ನ ಮ್ಯಾಲೆ ನಮ್ಮನ್ನ ಆಳೋರ್ನ ನಾವ ಆರಸ್ತೀವಿ. ತಿಳೀತೇನ್ಲೇ?" ಎಂದು ಅತ್ತಿಗೆಗೆ ಹೇಳಿದ. ಅವಳು "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದಳು. ಬೇಕು ಎನ್ನಲೋ ಬೇಡ ಎನ್ನಲೋ ತಿಳಿಯದೆ ಅರ್ಧ ಎಂದ.

ಓದು ಬರುವ ಹೆಂಗಸರೂ ಅರ್ಜಿ ಕೊಟ್ಟು ಓಟು ಪಡೆಯಬಹುದಿತ್ತಂತೆ. ಅದನ್ನು ಇವತ್ತು ಹೇಳಿದ. ಕೈ ತೊಳೆಯುತ್ತಾ.

೨೨ ಫೆಬ್ರವರಿ

ಜವಳಿ ಜಡೆಪ್ಪ ಬಂದಿದ್ದ. ಹೆಗಲ ಮೇಲೆ ಗಂಟು, ಬಾಯಲ್ಲಿ ಎಲೆ ಅಡಿಕೆ. ಅತ್ತಿಗೆ ಹಿಗ್ಗಿ ಚಾಪೆ ಹಾಸಿದಳು. ಗಂಟು ಅವಳಿಗಲ್ಲ, ನನಗೆ.

ಸಂಗತಿ ಇಷ್ಟು. ಕಂಪ್ಲಿಯಲ್ಲಿ ಗಾದಿಲಿಂಗಪ್ಪ ಎಂಬವನಿಗೆ ಅಕ್ಕಿ ಗಿರಣಿ ಇದೆ. ಇಬ್ಬರು ಹೆಂಡಿರು ಸತ್ತಿದ್ದಾರೆ. ನನ್ನನ್ನು ಉಡಿಕೆ ಮಾಡಿಕೊಳ್ಳುತ್ತಾನಂತೆ. ನಮ್ಮವರಲ್ಲಿ ಗಂಡ ಸತ್ತವಳಿಗೆ ಮತ್ತೆ ಧಾರೆ ಇಲ್ಲ, ಬಾಸಿಂಗ ಇಲ್ಲ. ಗಂಡಸು ಒಂದು ಸೀರೆ ಕೊಡುತ್ತಾನೆ, ಅವಳು ಉಡುತ್ತಾಳೆ. ಉಟ್ಟರೆ ಹೆಂಡತಿ. ಅಷ್ಟೇ.

ಜಡೆಪ್ಪ ಎರಡು ಸೀರೆ ಚಾಪೆಯ ಮೇಲೆ ಹರವಿದ. ಒಂದು ಹಸಿರು, ಒಂದು ಕೆಂಪು.

"ಕಂಪ್ಲಿ ಸಾವಕಾರ್ರು ಭಾಳ ದೊಡ್ಡ ಮನಸಿನೋರವ್ವ. ಯಾವುದು ಬೇಕೋ ಅವಳ ಆರಿಸ್ಲಿ ಅಂದಾರ. ಯಾರು ಕೇಳ್ತಾರ ಹಿಂಗ?"

ಅತ್ತಿಗೆ ಕೆನ್ನೆಗೆ ಕೈ ಇಟ್ಟುಕೊಂಡಳು. "ನನ್ನ ಮದಿವ್ಯಾಗ ನನ್ನ ಯಾರೂ ಕೇಳ್ಲಿಲ್ಲವ್ವ. ಪುಣ್ಯಾ ಮಾಡೀದಿ ನಾಗವ್ವ."

ಎರಡು ಸೀರೆ. ಗಂಡ ಒಬ್ಬನೇ. ಸೀರೆ ಮಾರುವವನೇ ಗಂಡನನ್ನೂ ಅದೇ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದಾನೆ. ಆದರೂ ಇದಕ್ಕೆ ಆರಿಸುವುದು ಎಂದು ಹೆಸರು.

ಹೇಳಬೇಕೆಂದಿದ್ದೆ. ಗಂಡಸರ ಎದುರು ನನ್ನ ಬಾಯಿ ಏಳುವುದಿಲ್ಲ, ಚಿಕ್ಕಂದಿನಿಂದ ಹೀಗೇ. ನೆಲ ನೋಡಿದೆ. ಜಡೆಪ್ಪ ಅದನ್ನು ನಾಚಿಕೆ ಎಂದುಕೊಂಡು ನಕ್ಕ. ಸೀರೆ ಎರಡೂ ಇಲ್ಲೇ ಬಿಟ್ಟು ಹೋಗಿದ್ದಾನೆ. ಮಾರ್ಚ್ ಎಂಟಕ್ಕೆ ಸಾಹುಕಾರನನ್ನು ಕರೆತರುತ್ತಾನೆ. ಬಾಯಿ ತೆರೆಯಬೇಕಿಲ್ಲವಂತೆ. ಆರಿಸಿದ್ದನ್ನು ಹೆಗಲ ಮೇಲೆ ಹೊದ್ದು ಪಡಸಾಲೆಗೆ ಬಂದು ನಿಂತರೆ ಒಪ್ಪಿಗೆ. ಅವತ್ತೇ ಬಸ್ಸಿಗೆ ಕಂಪ್ಲಿ, ಉಡಿಕೆ ಅಲ್ಲೇ.

ಅವನು ಹೋದ ಮೇಲೆ ಅಣ್ಣ ಹೇಳಿದ್ದು: "ಒಲ್ಲೆ ಅನ್ನಾಕ ಹೋಗಬ್ಯಾಡ ನಾಗಿ. ಅಂದ್ರ ನಿನ್ನ ಹಾದಿ ನೀ ನೋಡ್ಕೋ."

ಬಣ್ಣದ ಪೆಟ್ಟಿಗೆಗೆ ಚೀಟಿ ಬಿಟ್ಟು ಬಂದು ಇನ್ನೂ ವಾರವಾಗಿಲ್ಲ.

೨೬ ಫೆಬ್ರವರಿ

ಸಂತೆಗೆ ಹೋಗಿದ್ದೆ. ಅತ್ತಿಗೆ ಹೋಗುವಂತಿಲ್ಲ — ಅಂಗಡಿ ಸಾಹುಕಾರನ ಹೆಂಡತಿ, ಮರ್ಯಾದೆ. ಅವಳಿಗೆ ಬಳೆ, ಸೀರೆ, ಸೂಜಿ ಎಲ್ಲವೂ ಮನೆ ಬಾಗಿಲಿಗೇ ಬರಬೇಕು. ನನ್ನನ್ನು ಯಾರೂ ತಡೆಯುವುದಿಲ್ಲ. ಯಾರಿಗೂ ಲಕ್ಷ್ಯವಿಲ್ಲ. ಸಂತೆ ಪೂರ್ತಿ ತಿರುಗುತ್ತೇನೆ, ಬೇಕಾದ ಕಡೆ ನಿಲ್ಲುತ್ತೇನೆ, ಏನೂ ಕೊಳ್ಳದೆ ಬರುತ್ತೇನೆ. ಇಂಥದ್ದೊಂದು ಅತ್ತಿಗೆಯ ಹತ್ತಿರ ಇಲ್ಲ. ಅವಳಿಗೆ ಅದು ಬೇಕು ಎಂದೂ ಅನ್ನಿಸಿಲ್ಲ.

ಬದನೆಕಾಯಿ ರಾಶಿಯ ಮುಂದೆ ಜಡೆಪ್ಪನ ಜೊತೆ ಒಬ್ಬ ಎತ್ತರದ ಗಂಡಸು. ಮೀಸೆಗೆ ಕಪ್ಪು ಬಳಿದಿದ್ದಾನೆ, ಕೂದಲಿಗೆ ಮರೆತಿದ್ದಾನೆ. ಒಂದೊಂದೇ ಕಾಯಿ ಎತ್ತಿ ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಿದ್ದ.

"ಯಪ್ಪಾ, ಕೊಳ್ಳೋದಾದ್ರ ಕೊಳ್ರಿ, ಒತ್ತಬ್ಯಾಡ್ರಿ," ಎಂದಳು ಮಾರುವ ಮುದುಕಿ.

"ನೋಡದ ಹೆಂಗ ತಗೊಳ್ಳೋದು? ದುಡ್ಡು ಕೊಡೋನು ನಾನು."

"ಆರಸೋದ್ರಾಗ ನಮ್ಮ ಗಾದಿಲಿಂಗಪ್ನೋರ ಕೈ ಯಾರಿಗೂ ಬರಂಗಿಲ್ಲ ಬಿಡ್ರಿ," ಎಂದು ಜಡೆಪ್ಪ ಹಲ್ಲು ಕಿರಿದ.

ಗಾದಿಲಿಂಗಪ್ಪ ಒಂದನ್ನೂ ಕೊಳ್ಳದೆ ಹೋದ. ರಾಶಿಯ ಮೇಲೆಲ್ಲ ಉಗುರಿನ ಗುರುತು. ಮುದುಕಿ ಬೈಯುತ್ತಾ ಅವನ್ನು ಅಡಿಗೆ ಹಾಕಿ ಒಳ್ಳೆಯವನ್ನು ಮೇಲೆ ತಂದಳು. ನಾನು ಗುರುತು ಬಿದ್ದ ಕಾಯಿಗಳನ್ನೇ ಕೇಳಿ ತೆಗೆದುಕೊಂಡೆ. ಯಾಕೋ.

೧ ಮಾರ್ಚ್

ಹಂಪಿಗೆ ಹೋಗಿ ಬಂದೆ. ಹಂಪಮ್ಮನಿಗೆ ಕೌದಿ ಕೊಡುವುದಿತ್ತು. ಗುಡಿಯ ಮುಂದಿನ ಬಜಾರದಲ್ಲಿ ಬಾಳೆಹಣ್ಣು ಮಾರುತ್ತಾಳೆ. ಹಿಂದೊಮ್ಮೆ ಉಡಿಕೆಯಾದವಳು. ಆ ಗಂಡನೂ ಈಗಿಲ್ಲ. ಅವಳ ಹತ್ತಿರ ನನಗೆ ಮಾತು ಬರುತ್ತದೆ. ಎರಡು ಸೀರೆಯ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಣ್ಣ ಕೇಳ್ಯಾನೇನ? ಅಯ್ಯ ಹುಚ್ಚವ್ವ, ಉಡಿಕಿ ಆಗೋದು ಕತ್ತಲ್ಯಾಗ! ದೀಪಾನೂ ಹಚ್ಚಂಗಿಲ್ಲ. ಮುತ್ತೈದೇರು ಮಕ ನೋಡಬಾರ್ದು ಅಂತ ಬಾಗ್ಲಾ ಹಾಕ್ಕೊಂಡು ಕುಂದರ್ತಾರ. ನನಗ ಹಿತ್ತಲದಾಗ ಕೈಗೆ ತುರುಕಿದ್ರು. ಬೆಳಗಾದ ಮ್ಯಾಲೆ ನೋಡ್ಕೊಂಡೆ, ಕಂದು ಸೀರಿ. ಗಂಡನ್ನೂ ಅವಾಗ ನೋಡಿದ್ದು."

"ಹೆಂಗಿದ್ದ?"

"ಅವನೂ ಕಂದು."

ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ. ಕತ್ತಲೆಯಲ್ಲಿ ಉಡುವ ಸೀರೆಗೆ ಬಣ್ಣ ಆರಿಸು ಎಂದು ಹಗಲಿನಲ್ಲಿ ಚಾಪೆ ಹಾಸಿದ್ದರಲ್ಲ.

ಏಳುವಾಗ ಹಂಪಮ್ಮ ನನ್ನ ಮುಖ ನೋಡದೆ, ಹಣ್ಣಿನ ಚಿಪ್ಪು ಸರಿಸುತ್ತಾ ಹೇಳಿದಳು: "ನಮ್ಮ ಪಡಸಾಲಿ ಖಾಲಿ ಐತಿ ನೋಡು. ಸೂಜಿಗೆ ಹೊಸಪೇಟಿ ಏನು, ಹಂಪಿ ಏನು."

೩ ಮಾರ್ಚ್

ಮಧ್ಯಾಹ್ನ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ತಳ್ಳಿದೆ. ಅತ್ತಿಗೆ ಕಂಪ್ಲಿಯ ಹಸಿರು ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದಾಳೆ! ಸೆರಗು ತಲೆಯ ಮೇಲೆ, ಮುಖದ ತುಂಬ ನಗು.

"ಸುಮ್ಮನ... ಹೆಂಗ ಕಾಣ್ತೈತಿ ಅಂತ ನೋಡಿದ್ನವ್ವ. ನಿನ್ನ ಸಲುವಾಗೇ."

ಹಿಂದೆಯೇ ಅಣ್ಣ ಬಂದ. ಎಲ್ಲ ಬಿಟ್ಟು ಈಗಲೇ ಬರಬೇಕೇ.

"ಲೇ! ನೀ ಹೊಂಟೀಯೇನ ಕಂಪ್ಲಿಗೆ?"

ಅತ್ತಿಗೆ ಅಳಲು ಶುರುಮಾಡಿದಳು. ಅಳುತ್ತಲೂ ಸೀರೆ ಬಿಚ್ಚಲಿಲ್ಲ. ಮಡಿಕೆ ಬಿಚ್ಚಿ ಮುತ್ತೈದೆ ಉಟ್ಟ ಸೀರೆ ಇನ್ನು ಉಡಿಕೆಗೆ ಬಾರದು. ಅಣ್ಣನೇ ಕೊಳ್ಳಬೇಕು. ಗೊಣಗಿದ, ಬೈದ, ಆಮೇಲೆ ನನ್ನ ಕಡೆ ತಿರುಗಿದ.

"ಹೋಗ್ಲಿ ಬಿಡು. ಕೆಂಪುದು ಉಳೀತು. ಆರಸೋ ತ್ರಾಸ ತಪ್ಪಿತಲ್ಲ ನಿನಗ."

ತನ್ನ ಮಾತು ತನಗೇ ಹಿಡಿಸಿ ನಕ್ಕ. ಈ ಮನೆಯಲ್ಲಿ ಸ್ವಂತಕ್ಕೆ ಸೀರೆ ಆರಿಸಿಕೊಂಡವಳು ಅತ್ತಿಗೆ ಒಬ್ಬಳೇ. ಅದೂ ಕದ್ದು. ಬೈಯಬೇಕೆನಿಸಲಿಲ್ಲ. ಅವಳಿಗೆ ಹಸಿರು ನಿಜಕ್ಕೂ ಒಪ್ಪುತ್ತಿತ್ತು.

ಸಂಜೆ ಕೆಂಪು ಸೀರೆಯ ತುದಿಗೆ ನೀರು ಹಚ್ಚಿ ತಿಕ್ಕಿದೆ. ಬೆರಳೆಲ್ಲ ಕೆಂಪಾಯಿತು. ಮೊದಲ ಒಗೆತಕ್ಕೇ ಬಿಡುವ ಬಣ್ಣ.

೬ ಮಾರ್ಚ್

ಎರಡು ದಿನ ಬರೆಯಲಿಲ್ಲ. ಹೆದರಿದ್ದೆ. ಹೆದರಿಕೆಯನ್ನು ಏನೆಂದು ಬರೆಯುವುದು.

ಇವತ್ತು ಅಣ್ಣ ಅಂಗಡಿ ಬಿಟ್ಟು ಏಳದ ಹೊತ್ತು ನೋಡಿ ಜಡೆಪ್ಪನ ಅಂಗಡಿಗೆ ಹೋದೆ. ಕೌದಿಯ ದುಡ್ಡು ಸೊಂಟದಲ್ಲಿ. ಮೆಟ್ಟಿಲ ಕೆಳಗೆ ಬಹಳ ಹೊತ್ತು ನಿಂತೆ. ಅವನೇ ನೋಡಿ ಕರೆದ.

"ಏನವ್ವ, ಹಸಿರಿಗೆ ಬದ್ಲಿ ಬೇಕೇನ? ಹೇಳಿ ಕಳಿಸಿದ್ರ ಗಂಟು ಮನಿಗೇ ತರ್ತಿದ್ದೆ."

ತಲೆ ಅಲ್ಲಾಡಿಸಿದೆ. ಕಪಾಟಿನ ಕಡೆ ಕೈ ತೋರಿಸಿದೆ.

"ಯಾರಿಗೆ?"

"ನನಗ."

"ದುಡ್ಡು ಕೊಡೋರು?"

"ನಾನ."

ಎಲೆ ಅಗಿಯುವುದನ್ನು ನಿಲ್ಲಿಸಿದ. "ಎಂಟಕ್ಕ ಸಾವಕಾರ್ರು ಬರ್ತಾರ, ಇನ್ನ ಮ್ಯಾಲೆ ಎಲ್ಲಾ ಅವರ ಕೊಡಸ್ತಾರ. ದುಂದು ಯಾಕವ್ವ?" ಎಂದ. ಎನ್ನುತ್ತಲೇ ಸೀರೆ ತೆಗೆಯುತ್ತಿದ್ದ. ಅಂಗಡಿಯವನು. ಬುದ್ಧಿವಾದ ಒಂದು ಕಡೆ, ಕೈ ಒಂದು ಕಡೆ.

ಒಂದು ಕ್ಷಣದಲ್ಲಿ ಆರಿಸಿ ಎದ್ದು ಬರುತ್ತೇನೆ, ಅತ್ತಿಗೆಯ ಹಾಗೆ ಮೂಸುತ್ತಾ ಕೂರುವವಳಲ್ಲ ಎಂದುಕೊಂಡಿದ್ದೆ. ಆಗಲಿಲ್ಲ. ಇದು ಬೇಡ, ಅದು. ಅದರ ಅಂಚು ಅಗಲ. ಅದಕ್ಕೆ ಸೆರಗು ತೆಳು. ಇನ್ನೊಂದು ತೆಗೆಯಿರಿ. ಬಾಗಿಲ ಬೆಳಕಿಗೆ ಹಿಡಿದೆ. ಮದುವೆಗೂ ನನ್ನನ್ನು ಕೇಳಿರಲಿಲ್ಲ, ಗಂಡ ಸತ್ತ ಮೇಲೆ ಉಟ್ಟದ್ದೂ ಅತ್ತಿಗೆ ಬಿಟ್ಟದ್ದೇ. ಜಡೆಪ್ಪನ ಮುಂದೆ ಸೀರೆಯ ಗುಡ್ಡೆಯಾಯಿತು. ಗುಡ್ಡೆಯ ಹಿಂದಿನಿಂದ ಅವನು, "ನೀನೂ ಎಲ್ಲಾರಂಗ ಬಿಡವ್ವ," ಎಂದ.

ಹೌದು. ಎಲ್ಲರ ಹಾಗೇ. ಇಷ್ಟು ದಿನ ಎಲ್ಲರನ್ನೂ ಹೀಯಾಳಿಸಿದ ಬಾಯಿ ಇದು. ಆದರೂ ಒಂದು ವ್ಯತ್ಯಾಸ ಇದೆ — ಆ ಗುಡ್ಡೆಯಲ್ಲಿ ಬೇಡ ಎಂದು ಎದ್ದು ಬರುವುದೂ ನನಗೆ ಇತ್ತು. ಚಾಪೆಯ ಮೇಲೆ ಹರವಿದ ಎರಡರಲ್ಲಿ ಅದಿರಲಿಲ್ಲ.

ನೀಲಿ ತೆಗೆದುಕೊಂಡೆ. ಅರಿಷಿಣ ಬಣ್ಣದ ಸಣ್ಣ ಅಂಚು. ಎಷ್ಟು ಒಗೆದರೂ ಬಿಡದ ನೀಲಿ ಅದು, ಹಳೆಯ ಕೌದಿಗಳಲ್ಲಿ ನೋಡಿದ್ದೇನೆ.

೮ ಮಾರ್ಚ್, ಬೆಳಿಗ್ಗೆ

ಬೇಗ ಎದ್ದು ನೀರು ಹೊಯ್ದುಕೊಂಡೆ. ಸೂಜಿ, ದಾರ, ಕತ್ತರಿ, ಅರ್ಧ ಹೊಲಿದ ಕೌದಿ, ಎಲ್ಲ ಒಂದು ಗಂಟು. ಹಂಪಿಗೆ ಬಾಳೆಯ ಬಂಡಿ ಮಧ್ಯಾಹ್ನ ಖಾಲಿ ಹೋಗುತ್ತದೆ, ಬಂಡಿಯವನಿಗೆ ಹೇಳಿದ್ದೇನೆ. ಬೇಕಾದರೆ ಹತ್ತಬಹುದು. ಅಣ್ಣ ಸುಮ್ಮನಾದರೆ ಗಂಟು ಬಿಚ್ಚಲೂಬಹುದು.

ಜಡೆಪ್ಪನ ಕೆಮ್ಮು ಪಡಸಾಲೆಯಲ್ಲಿ ಕೇಳಿಸಿತು. ಜೊತೆಗೆ ಇನ್ನೊಂದು ದನಿ, ಸಂತೆಯಲ್ಲಿ ಕೇಳಿದ್ದೇ: "ಕೌದಿ ಹೊಲಿಯೋ ಕೈಯಂತಲ್ಲ, ಗಟ್ಟಿ ಇರಬೇಕು." ಅಣ್ಣ ನಗುತ್ತಿದ್ದಾನೆ.

ಕೆಂಪು ಸೀರೆ ಮಡಿಸಿದ ಹಾಗೇ ಅತ್ತಿಗೆಯ ಕೈಗೆ ಕೊಟ್ಟೆ, ಹೊರಗೆ ಚಾಪೆಯ ಮೇಲೆ ಇಟ್ಟು ಬಾ ಎಂದೆ. ಅವಳು ನನ್ನ ಮೈಮೇಲಿನ ನೀಲಿಯನ್ನು ನೋಡಿದಳು.

"ಇದು ಯಾರು ಕೊಟ್ಟಿದ್ದವ್ವ?"

"ನಾನ ಕೊಂಡಿದ್ದು."

ಅತ್ತಿಗೆ ಅಂಚು ಮುಟ್ಟಿ ನೋಡಿದಳು. "ಚೊಲೋ ಐತಿ," ಎಂದು ಮೆಲ್ಲಗೆ ಹೇಳಿ, ಕೆಂಪು ಸೀರೆ ಹಿಡಿದು ಹೊರಗೆ ಹೋದಳು. ಪಡಸಾಲೆಯ ನಗು ನಿಂತಿತು.

"ನಾಗೀ, ಹೊರಗ ಬಾ." ಅಣ್ಣ. ಮತ್ತೊಮ್ಮೆ, ಜೋರಾಗಿ.

ನೆರಿಗೆ ಒಂದು ಸಣ್ಣದಾಗಿತ್ತು. ಬಿಚ್ಚಿ ಮತ್ತೆ ಹಿಡಿದೆ.