ಕಳಾವರ್ ನಾಲ್ಕು, ಆಟೀನ್ ಏಳು

ಮೇ 7, ಭಾನುವಾರ, ಸಂಜೆ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲಿಲ್ಲದ ಗಣ್ಯರೇ, ಪರದೆಯಾಚೆ ಮುಖ ತೋರಿಸದ ನನ್ನ ಎದುರಾಳಿಗಳೇ — ಡಿವಿನೊಪೊಲಿಸ್ ಊರಿನ ಹೊಲಿಗೆ ಮಷೀನ್ ರಿಪೇರಿಯವ ವಾಂಡೆರ್ಲೇ ಎಂಬ ನಾನು ಇಂದಿನ ಆನ್‌ಲೈನ್ ಪೋಕರ್ ಟೂರ್ನಮೆಂಟಿನಿಂದ ಸಕಲ ಗೌರವಗಳೊಂದಿಗೆ ಹೊರಬಿದ್ದಿದ್ದೇನೆ.

ನನ್ನ ಕೈಲಿ ಜೋಡಿ ರಾಣಿ,
ಅವನ ಕೈಲಿ ಜೋಡಿ ರಾಜ.
ಪಣದ ಚಿಪ್ಪೆಲ್ಲ ಗುಡಿಸಿ ಹೋದ,
ಆಹಾ, ಏನು ಮಜ.

ಪ್ರವೇಶಕ್ಕೆ ಒಂದು ಬಿಯರಿನಷ್ಟು ಖರ್ಚು. ಅದಕ್ಕೇ ಜೋಸೆಲಿಯ ತಕರಾರಿಲ್ಲ. "ಬಾರಲ್ಲಿ ಕೂತಿದ್ರೆ ಹುಡುಕ್ಕೊಂಡು ಬರಬೇಕಿತ್ತು. ಮನೇಲೇ ಸೋಲ್ತೀಯ, ಸೋಲು." ಹೆಂಡತಿಯೆಂದರೆ ಹೀಗಿರಬೇಕು.

ಹಿಂದಿನ ಕುರ್ಚಿಯಲ್ಲಿ ಅತ್ತೆ, ದೋನಾ ಅಲ್ಜೀರ. ಮಾವ ಬೆಲಾರ್ಮೀನು ತೀರಿಕೊಂಡ ಮೇಲೆ ಇಲ್ಲೇ ಇದ್ದಾರೆ. ಮಾತಿಲ್ಲ. ಕೊಟ್ಟರೆ ಎರಡು ತುತ್ತು. ಕೊಡದಿದ್ದರೆ ಕೇಳುವುದಿಲ್ಲ. ನೋಡುವುದು ನನ್ನ ಆಟವನ್ನೋ, ಗೋಡೆಯನ್ನೋ…

ಮೇ 14, ಅಮ್ಮಂದಿರ ದಿನ

ಊಟಕ್ಕೆ ಭಾವಮೈದುನ ಬಂದ. ಟ್ರೂಕೋ ಆಡಿಸಿದರೆ ಅಮ್ಮ ಸರಿಹೋಗ್ತಾಳೆ ಅಂತ ಇಸ್ಪೀಟು ಕಟ್ಟು ತಂದಿದ್ದ. ಟ್ರೂಕೋ ಜೋಡಿ ಆಟ. ಪಣ ಏರಿಸಬೇಕೆಂದರೆ "ಟ್ರೂಕೋ" ಅಂತ ಮೇಜು ಗುದ್ದಿ ಕೂಗಬೇಕು. ಅತ್ತೆ-ಮಾವ ಕೂತರೆಂದರೆ ಬೀದಿಗೇ ಗೊತ್ತಾಗುತ್ತಿತ್ತು. ಜೋಡಿ ಬದಲಿಸಿದ್ದೇ ಇಲ್ಲ.

ಅತ್ತೆ ಕಟ್ಟನ್ನು ಮುಟ್ಟಲಿಲ್ಲ. "ಯಾರ ಜೊತೆ ಆಡಲಿ?" ಅಂದರು. ಇಡೀ ದಿನಕ್ಕೆ ಅದೊಂದೇ ಮಾತು.

ರಾತ್ರಿ ಜೋಸೆಲಿ ಪಾತ್ರೆ ತೊಳೆಯುತ್ತಾ, "ಹೀಗೇ ಬಿಟ್ರೆ ಅಮ್ಮ ಕೂತಲ್ಲೇ ಆರಿಹೋಗ್ತಾಳೆ ಕಣೋ," ಅಂದಳು. ಒರೆಸುವ ಬಟ್ಟೆ ತಗೊಂಡೆ.

ಮೇ 21

ಬಹುಮಾನದ ಪಟ್ಟಿಯಲ್ಲಿ ನನ್ನ ಹೆಸರು. ಬಾಲದ ತುದಿಯಲ್ಲಿ, ಆದರೂ ಹೆಸರು ಹೆಸರೇ. ಬಂದ ದುಡ್ಡು ಇನ್ನೊಂದು ಬಿಯರಿಗೆ ಸಾಲದು — ಮುಚ್ಚಳಕ್ಕೆ ಸಾಕು.

ಅದಿರಲಿ. ಹಿಂದಿನಿಂದ ದನಿ: "ಇಷ್ಟು ಜನ ಆಡ್ತಾರೆ, ಒಬ್ಬರೂ ಕೂಗಲ್ಲ. ಇದೇನು ಆಟವೋ, ಪರೀಕ್ಷೆಯೋ?"

ತಿರುಗಿ ನೋಡುವಷ್ಟರಲ್ಲಿ ಮತ್ತೆ ಗೋಡೆ.

ಜೂನ್ 11, ಭಾನುವಾರ

ಮೂರು ವಾರ ಬರೆದಿಲ್ಲ. ಬರೀ ಸೋಲು, ಬರೀ ಮೌನ. ಅತ್ತೆ ತೆಳ್ಳಗಾಗಿದ್ದಾರೆ.

ಸಭಿಕರೇ, ಇಂದು ಇತಿಹಾಸ. ಸಾವಿರಾರು ಜನರಲ್ಲಿ ಹತ್ತೇ ಜನ ಉಳಿದೆವು. ಇನ್ನೊಬ್ಬ ಬಿದ್ದರೆ ಒಂಬತ್ತು ಜನರ ಕೊನೆಯ ಮೇಜು, ದೊಡ್ಡ ಬಹುಮಾನವೆಲ್ಲ ಅಲ್ಲೇ. ಇಷ್ಟು ವರ್ಷ ಅದರ ಬಣ್ಣವನ್ನೂ ಕಂಡವನಲ್ಲ ನಾನು. ಗಂಟೆಗೊಮ್ಮೆ ಎಲ್ಲರಿಗೂ ಐದು ನಿಮಿಷದ ಬಿಡುವು. ಒಲೆಯ ಮೇಲೆ ಕಾಳು, ಜೋಸೆಲಿ ಹಿತ್ತಲಲ್ಲಿ. ಇಳಿಸಲು ಅಡುಗೆಮನೆಗೆ ಹೋದೆ. ಕುಕ್ಕರ್ ಹಠ ಮಾಡಿತು, ತಡವಾಯಿತು. ಅಷ್ಟರಲ್ಲಿ ಆಟ ಶುರುವಾಗಿ, ನನ್ನ ಕುರ್ಚಿಯಲ್ಲಿ ಅತ್ತೆ.

ಬಂದಿದ್ದ ಎಲೆ: ಕಳಾವರ್ ನಾಲ್ಕು, ಆಟೀನ್ ಏಳು. ಪೋಕರಿನಲ್ಲಿ ಕಸ. ನಮ್ಮ ಮಿನಾಸ್ ಸೀಮೆಯ ಟ್ರೂಕೋದಲ್ಲಿ ಮಾತ್ರ ಎಲ್ಲಕ್ಕಿಂತ ದೊಡ್ಡ ಎಲೆ ಕಳಾವರ್ ನಾಲ್ಕು, ಅದರ ಕೆಳಗಿನದೇ ಆಟೀನ್ ಏಳು. ಎಕ್ಕ, ರಾಜ ಎಲ್ಲ ಅವುಗಳ ಮುಂದೆ ಜವಾನರು. ಅತ್ತೆ ಗುಂಡಿ ಒತ್ತಿ ಇದ್ದಬದ್ದ ಚಿಪ್ಪೆಲ್ಲ ಮುಂದೆ ತಳ್ಳಿ ಮೇಜು ಗುದ್ದಿದರು.

"ಟ್ರೂಕೋ"

ಪಕ್ಕದ ಮನೆ ನಾಯಿ ಎದ್ದು ಬೊಗಳಿತು. ದೂರದ ರೆಸೀಫಿ ಊರಿನ ಯಾವನೋ, ನನಗಿಂತ ಚಿಪ್ಪು ಹೆಚ್ಚಿದ್ದವನು, ಜೋಡಿ ಎಕ್ಕ ತೋರಿಸಿದ. ಮುಗಿಯಿತು. ಹತ್ತನೇ ಸ್ಥಾನ.

"ಕೂಗದೇ ಹೇಗೆ ಒಪ್ಪಿಕೊಂಡ ಅವನು? ಮೋಸ," ಅಂದರು ಅತ್ತೆ.

"ಅತ್ತೆ, ಈ ಆಟದಲ್ಲಿ ನಾಲ್ಕಕ್ಕೆ ಬೆಲೆಯಿಲ್ಲ."

"ನಾಲ್ಕಕ್ಕೆ ಬೆಲೆ ಕೊಡದವರ ಜೊತೆ ಯಾಕೆ ಕೂರ್ತೀಯ? ನಿಮ್ಮ ಮಾವ ಇದ್ದಿದ್ರೆ ಆ ರೆಸೀಫಿಯವನ ಮೀಸೆ ಕೀಳ್ತಿದ್ರು." ಎದ್ದರು. "ಕಾಳು ಬೆಂತಾ? ಹಸಿವು ನನಗೆ."

ಜೋಸೆಲಿ ಸೌಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಬಡಿಸಿದಳು. ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಉಪ್ಪು ಕಮ್ಮಿ ಅಂದರು. ಉಪ್ಪು ಕಮ್ಮಿ ಅಂದರು ಅಂತ ಜೋಸೆಲಿ ನನಗೆ ಮೂರು ಸಲ ಹೇಳಿದಳು.

ಜೂನ್ 12, ಬೆಳಿಗ್ಗೆ

"ಪಾಪ, ಕುಕ್ಕರಿನಿಂದ ನಿನ್ನ ಮೇಜು ತಪ್ಪಿತು," ಅಂದಳು ಜೋಸೆಲಿ ಕಾಫಿ ಕೊಡುತ್ತಾ. ಹೂಂ ಅಂದೆ.

ಮಾನ್ಯ ಸಭಿಕರೇ, ಸಭೆ ಮುಗಿಯಿತು, ಎದ್ದು ಹೋಗಿ. ಯಾರೂ ಇಲ್ಲವೆಂದು ಗೊತ್ತು, ಆದರೂ ಹೋಗಿ.

ಕುಕ್ಕರ್ ಹಠ ಮಾಡಲಿಲ್ಲ. ಬಾಗಿಲಲ್ಲೇ ನಿಂತಿದ್ದೆ. ಎಲೆ ಬಿದ್ದದ್ದು ಕಂಡಿತು. ಅತ್ತೆಯ ಬೆನ್ನು ನೆಟ್ಟಗಾದದ್ದು ಕಂಡಿತು. ಕಳಾವರ್ ನಾಲ್ಕು ಬಂದರೆ ಜೋಡಿಗೆ ಕಣ್ಣು ಹೊಡೆದು ತಿಳಿಸುವುದು ಟ್ರೂಕೋ ವಾಡಿಕೆ. ಅತ್ತೆ ಪಕ್ಕಕ್ಕೆ ತಿರುಗಿ, ಯಾರೂ ಇಲ್ಲದ ಕಡೆಗೆ ಕಣ್ಣು ಹೊಡೆದರು. ನಕ್ಕರು ಕೂಡ. ಅವರು ಗುಂಡಿ ಒತ್ತುವುದಕ್ಕೆ ಇನ್ನೂ ಸಮಯವಿತ್ತು. "ಬೇಡ ಅತ್ತೆ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಬಾಯಿಗೆ ಬಂದಿತ್ತು. ನಾನೇ ನುಂಗಿಕೊಂಡೆ.